ಸ್ಕ್ರೂ ಪೂರ್ತಿ ಬಿಗಿದರೂ ಪಂಪ್ ಅಲುಗಾಡುತ್ತಿದೆ, ಪ್ರೊಸೆಸರ್ ನೂರು ಡಿಗ್ರಿ ಮುಟ್ಟುತ್ತಿದೆ: ಹೊಸ ಕೂಲರ್ ಬೇಕೇ?

ಪ್ರಶ್ನೆ: ಮೂರು ವರ್ಷದಿಂದ ಬಳಸುತ್ತಿದ್ದ 240 ಮಿಲಿಮೀಟರ್ ರೇಡಿಯೇಟರಿನ ಲಿಕ್ವಿಡ್ ಕೂಲರನ್ನು ಹೊಸ ಮದರ್‌ಬೋರ್ಡಿಗೆ ಅಳವಡಿಸಿದ್ದೇನೆ. ಮೊದಲು ಇದ್ದದ್ದು ಇಂಟೆಲ್ ಹತ್ತನೇ ತಲೆಮಾರಿನ ಪ್ರೊಸೆಸರ್, ಈಗಿನದು ಕೋರ್ ಐ5 12600ಕೆ. ಹಳೆಯ ಸ್ಕ್ರೂಗಳೇ ಹೊಸ ಬೋರ್ಡಿನ ರಂಧ್ರಗಳಿಗೆ ಹೊಂದಿಕೊಂಡವು. ಆದರೆ ಏನೂ ಕೆಲಸವಿಲ್ಲದಾಗಲೇ 55ರಿಂದ 60 ಡಿಗ್ರಿ ತೋರಿಸುತ್ತದೆ. ವಿಡಿಯೊ ಪರಿವರ್ತನೆಗೆ ಕೊಟ್ಟ ಕ್ಷಣವೇ 100 ಮುಟ್ಟುತ್ತದೆ. ಸ್ಕ್ರೂಗಳನ್ನು ಪೂರ್ತಿ ಬಿಗಿದಿದ್ದೇನೆ, ಇನ್ನು ತಿರುಗುವುದಿಲ್ಲ. ಆದರೂ ಪಂಪನ್ನು ಹಿಡಿದರೆ ಸ್ವಲ್ಪ ಅಲುಗಾಡುತ್ತದೆ. ಪ್ರೊಸೆಸರಿಗೂ ಪಂಪಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಎರಡು ಸಲ ಬದಲಿಸಿದ್ದಾಯಿತು. ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ, ರೇಡಿಯೇಟರಿನಿಂದ ಬರುವ ಗಾಳಿ ಮಾತ್ರ ತಣ್ಣಗೇ ಇದೆ. ಕೂಲರ್ ಕೆಟ್ಟಿದೆಯೇ? ಹೊಸದು ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಪ್ರಶ್ನೆಯೊಳಗೇ ಉತ್ತರದ ಬಹುಪಾಲು ಇದೆ. ಸ್ಕ್ರೂ ಇನ್ನು ತಿರುಗುವುದಿಲ್ಲ, ಆದರೂ ಪಂಪ್ ಅಲುಗಾಡುತ್ತದೆ ಎಂದು ಬರೆದಿದ್ದೀರಿ. ಇವೆರಡೂ ನಿಜವಾದರೆ, ಸ್ಕ್ರೂ ಬಿಗಿಯಾಗಿ ಕೂತಿರುವುದು ಪ್ರೊಸೆಸರಿನ ಮೇಲಲ್ಲ, ಬೇರೆ ಯಾವುದರ ಮೇಲೋ. ಲಿಕ್ವಿಡ್ ಕೂಲರಿನಲ್ಲಿ ಪ್ರೊಸೆಸರಿನ ಮೇಲೆ ಕೂರುವ ಪಂಪ್ ಅದರ ಶಾಖವನ್ನು ದ್ರವಕ್ಕೆ ದಾಟಿಸಿ, ಕೊಳವೆಗಳ ಮೂಲಕ ರೇಡಿಯೇಟರಿಗೆ ಕಳಿಸುತ್ತದೆ. ನಿಮ್ಮಲ್ಲಿ ಪಂಪಿನ ತಳದಲ್ಲಿರುವ ತಾಮ್ರದ ಫಲಕ ಪ್ರೊಸೆಸರಿನ ಲೋಹದ ಮುಚ್ಚಳವನ್ನು ಒತ್ತುವ ಮೊದಲೇ ಸ್ಕ್ರೂವಿನ ಓಟ ಮುಗಿದುಹೋಗಿದೆ. ಕೂಲರ್ ಕೆಡದೆ ಇರುವ ಸಾಧ್ಯತೆಯೇ ಹೆಚ್ಚು. ಅದು ಪ್ರೊಸೆಸರನ್ನು ಸರಿಯಾಗಿ ಮುಟ್ಟುತ್ತಿಲ್ಲ, ಅಷ್ಟೇ.

ಹೀಗೆ ಹೇಳಲು ನನಗೆ ಧೈರ್ಯ ಕೊಟ್ಟದ್ದು ನೀವು ಬಳಸಿದ 'ಕ್ಷಣವೇ' ಎಂಬ ಪದ. ಪ್ರೊಸೆಸರ್ ಬಿಸಿಯಾಗುತ್ತಿದೆ ಎಂದು ಕೇಳುವವರು ಸಾಮಾನ್ಯವಾಗಿ ಎಷ್ಟು ಡಿಗ್ರಿ ಎಂಬುದನ್ನಷ್ಟೇ ಹೇಳುತ್ತಾರೆ. ನಾನು ಮೊದಲು ಕೇಳುವುದು ಎಷ್ಟು ಹೊತ್ತಿನಲ್ಲಿ ಎಂದು. ಏಕೆಂದರೆ ನೂರು ಡಿಗ್ರಿ ಎಂಬ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಅಲ್ಲಿಗೆ ಹತ್ತಿದ ವೇಗ ಮಾತ್ರ ದೋಷ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಕೂಲರಿನಲ್ಲಿ ಕಾಲು ಲೀಟರ್ ದ್ರವ ಇದೆ ಎಂದಿಟ್ಟುಕೊಳ್ಳಿ. ನೀರಿನಂತಹ ದ್ರವದ ಒಂದು ಗ್ರಾಮನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಬೇಕು. ಅಂದರೆ ಕಾಲು ಲೀಟರನ್ನು ಒಂದು ಡಿಗ್ರಿ ಏರಿಸಲು ಸಾವಿರ ಜೂಲ್‌ಗಿಂತ ತುಸು ಹೆಚ್ಚು. 12600ಕೆ ಪೂರ್ತಿ ದುಡಿಯುವಾಗ ಇಂಟೆಲ್ ನಿಗದಿಪಡಿಸಿದ ಗರಿಷ್ಠ ಮಿತಿ 150 ವ್ಯಾಟ್, ಎಂದರೆ ಸೆಕೆಂಡಿಗೆ 150 ಜೂಲ್. ರೇಡಿಯೇಟರ್ ಒಂದಿಷ್ಟೂ ಶಾಖವನ್ನು ಹೊರಹಾಕದಿದ್ದರೂ ಆ ದ್ರವ ಒಂದು ಡಿಗ್ರಿ ಬಿಸಿಯಾಗಲು ಏಳು ಸೆಕೆಂಡ್ ಬೇಕು. ನಲವತ್ತು ಡಿಗ್ರಿ ಏರಲು ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಬೇಕು. ನಿಮ್ಮ ಪ್ರೊಸೆಸರ್ ಅಷ್ಟನ್ನು ಒಂದೆರಡು ಸೆಕೆಂಡಿನಲ್ಲಿ ಏರುತ್ತಿದೆ. ಹಾಗಾದರೆ ಆ ಶಾಖ ದ್ರವವನ್ನು ಮುಟ್ಟಿಯೇ ಇಲ್ಲ. ಚಿಪ್ ಮತ್ತು ಅದರ ಮುಚ್ಚಳದಲ್ಲೇ ಸಿಕ್ಕಿಹಾಕಿಕೊಂಡಿದೆ.

ಪಂಪ್ ನಿಂತುಹೋದ ಕೂಲರಿನ ವರ್ತನೆ ಬೇರೆ ಬಗೆಯದು. ಅಲ್ಲಿ ತಾಮ್ರದ ಫಲಕ ಪ್ರೊಸೆಸರನ್ನು ಚೆನ್ನಾಗಿಯೇ ಮುಟ್ಟಿರುತ್ತದೆ. ಫಲಕವೂ ಅದರ ಮೇಲಿರುವ ಬೊಗಸೆಗಿಂತ ಕಡಿಮೆ ದ್ರವವೂ ಸೇರಿ ಮೊದಲ ಅರ್ಧ ನಿಮಿಷದ ಶಾಖವನ್ನು ನುಂಗಿಕೊಳ್ಳುತ್ತವೆ. ಅಂಕಿ ಸೆಕೆಂಡಿಗೊಂದು ಡಿಗ್ರಿಯಂತೆ ನಿಲ್ಲದೆ ಹತ್ತುತ್ತದೆ, ಒಂದು ನಿಮಿಷದ ಆಸುಪಾಸಿನಲ್ಲಿ ನೂರು ಮುಟ್ಟುತ್ತದೆ. ಇನ್ನು ಪಂಪೂ ಸರಿಯಿದ್ದು, ಸಂಪರ್ಕವೂ ಸರಿಯಿದ್ದು, ರೇಡಿಯೇಟರಿನಲ್ಲಿ ಧೂಳು ಕಟ್ಟಿದ್ದರೆ ಅಥವಾ ಪೆಟ್ಟಿಗೆಯೊಳಗೆ ಗಾಳಿ ಆಡದಿದ್ದರೆ, ಮೊದಲ ಐದು ನಿಮಿಷ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ದ್ರವ ನಿಧಾನವಾಗಿ ಕಾದು, ಕಾಲು ಗಂಟೆ ಕಳೆದ ಮೇಲೆ ತೊಂದರೆ ಮುಖ ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸರಿಯಾಗಿ ಕೂತ ಕೂಲರಿನಲ್ಲೂ ಕೆಲಸ ಶುರುವಾದ ಕ್ಷಣ ಅಂಕಿ ಇಪ್ಪತ್ತು ಮೂವತ್ತು ಡಿಗ್ರಿ ನೆಗೆಯುತ್ತದೆ. ಅದು ಚಿಪ್ಪಿನ ಸ್ವಭಾವ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಶಾಖ ಹುಟ್ಟಿದಾಗ ಹಾಗಾಗದೆ ವಿಧಿಯಿಲ್ಲ. ವ್ಯತ್ಯಾಸ ಇರುವುದು ನೆಗೆದ ಮೇಲೆ. ಆರೋಗ್ಯವಾಗಿರುವ ಯಂತ್ರ 60ರಿಂದ 65ರ ಹತ್ತಿರ ನಿಂತು, ಅಲ್ಲಿಂದ ಮೆಲ್ಲಗೆ ಏರುತ್ತದೆ. ನಿಮ್ಮದು ಮಿತಿಯ ಗೋಡೆಗೆ ಹೋಗಿ ಬಡಿಯುತ್ತಿದೆ. ಕೆಲಸ ನಿಲ್ಲಿಸಿದಾಗ ಅಂಕಿ ಅಷ್ಟೇ ಬೇಗ ಕೆಳಗೆ ಬೀಳುತ್ತದೆಯೇ ಎಂದೂ ನೋಡಿ. ಬಿದ್ದರೆ ಸಂಪರ್ಕದ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಕಾದ ದ್ರವ ಅಷ್ಟು ಬೇಗ ತಣಿಯುವುದಿಲ್ಲ.

ಇನ್ನೂ ಒಂದು ಪರೀಕ್ಷೆ ಇದೆ. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಫಲಕ ತೆಗೆದು, ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಎಚ್‌ಡಬ್ಲ್ಯೂಇನ್ಫೊ ಅಥವಾ ಕೋರ್ ಟೆಂಪ್ ಎಂಬ ಉಷ್ಣತೆ ತೋರಿಸುವ ತಂತ್ರಾಂಶ ತೆರೆದಿಟ್ಟು, ಏನೂ ಭಾರವಾದ ಕೆಲಸ ಕೊಡದೆ, ಎರಡು ಬೆರಳಿನಿಂದ ಪಂಪಿನ ನೆತ್ತಿಯನ್ನು ನೇರ ಒಳಮುಖವಾಗಿ ಮೆಲ್ಲಗೆ ಒತ್ತಿ ಹಿಡಿಯಿರಿ. ಬಾಗಿಲ ಕರೆಗಂಟೆ ಒತ್ತುವುದಕ್ಕಿಂತ ತುಸು ಹೆಚ್ಚು ಬಲ ಸಾಕು. ಕಣ್ಣು ಅಂಕಿಯ ಮೇಲಿರಲಿ. 58 ಇದ್ದದ್ದು 45ಕ್ಕೆ, 40ಕ್ಕೆ ಇಳಿದು, ಬೆರಳು ತೆಗೆದೊಡನೆ ಮತ್ತೆ ಮೇಲೇರಿದರೆ ಇನ್ನು ಅನುಮಾನವೇ ಬೇಡ. ನಿಮ್ಮ ಬೆರಳು ಆ ಹೊತ್ತು ಮಾಡಿದ್ದನ್ನು ಸ್ಕ್ರೂಗಳು ಸದಾ ಮಾಡುತ್ತಿರಬೇಕಾಗಿತ್ತು. ಒತ್ತುವಾಗ ಪಕ್ಕದ ಫ್ಯಾನ್ ರೆಕ್ಕೆಗಳಿಂದ ಕೈ ದೂರವಿರಲಿ. ಒತ್ತಿದರೂ ಅಂಕಿ ಕದಲದಿದ್ದರೆ ಮುಂದೆ ಪಂಪಿನ ಬಗ್ಗೆ ಹೇಳುವ ಭಾಗಕ್ಕೆ ಹೋಗಿ.

ಈಗ ಸಡಿಲ ಆದದ್ದೇಕೆ ಎಂಬ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇದು ತಿಳಿಯದೆ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಫಲ ಅಷ್ಟೇ.

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವನ್ನು ಸಾಕೆಟ್ ಎನ್ನುತ್ತಾರೆ. ನಿಮ್ಮ ಹಳೆಯ ಪ್ರೊಸೆಸರ್ ಕೂತಿದ್ದದ್ದು ಎಲ್‌ಜಿಎ 1200 ಸಾಕೆಟ್ಟಿನಲ್ಲಿ. 2021ರಲ್ಲಿ ಹನ್ನೆರಡನೇ ತಲೆಮಾರಿನೊಂದಿಗೆ ಇಂಟೆಲ್ ಎಲ್‌ಜಿಎ 1700 ಸಾಕೆಟ್ ತಂದಾಗ ಕೂಲರುಗಳ ಪಾಲಿಗೆ ಎರಡು ಅಳತೆಗಳು ಬದಲಾದವು. ಮೊದಲನೆಯದು ರಂಧ್ರಗಳ ನಡುವಿನ ದೂರ. ಅದು 75 ಮಿಲಿಮೀಟರ್ ಇದ್ದದ್ದು 78 ಆಯಿತು. ಇದು ಕಣ್ಣಿಗೆ ಕಾಣುವ ಬದಲಾವಣೆ, ಆದ್ದರಿಂದ ಎಲ್ಲರಿಗೂ ಗೊತ್ತು. ಎರಡನೆಯದು ಎತ್ತರ. ಬೋರ್ಡಿನ ಮೇಲ್ಮೈಯಿಂದ ಪ್ರೊಸೆಸರಿನ ನೆತ್ತಿಯವರೆಗಿನ ಎತ್ತರ ಹಳೆಯದಕ್ಕಿಂತ ಸುಮಾರು ಮುಕ್ಕಾಲು ಮಿಲಿಮೀಟರ್ ತಗ್ಗಿತು. ಇದು ಕಣ್ಣಿಗೆ ಕಾಣುವುದಿಲ್ಲ.

ಏಸಸ್‌ನಂತಹ ಕೆಲವು ತಯಾರಕರು ಗ್ರಾಹಕರಿಗೆ ಅನುಕೂಲವಾಗಲೆಂದು ತಮ್ಮ ಹಲವು 1700 ಬೋರ್ಡುಗಳಲ್ಲಿ ಹಳೆಯ ಅಳತೆಯ ರಂಧ್ರಗಳನ್ನೂ ಕೊರೆದರು. ಹಳೆಯ ಸ್ಕ್ರೂಗಳು 'ಹೊಂದಿಕೊಂಡವು' ಎಂದು ನೀವು ಬರೆದಿರುವುದರಿಂದ ನಿಮ್ಮ ಬೋರ್ಡೂ ಅಂಥದ್ದೇ ಇರಬೇಕು. ಪ್ರತಿ ಮೂಲೆಯಲ್ಲೂ ಅಕ್ಕಪಕ್ಕ ಎರಡು ರಂಧ್ರಗಳು, ಅಥವಾ ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ರಂಧ್ರ ಇದೆಯೇ ನೋಡಿ. ರಂಧ್ರ ಸರಿಹೋದ ಮಾತ್ರಕ್ಕೆ ಎತ್ತರ ಸರಿಹೋಗುವುದಿಲ್ಲ. ಬೋರ್ಡಿನಿಂದ ಮೇಲೆದ್ದು ನಿಲ್ಲುವ ಆ ನಾಲ್ಕು ಲೋಹದ ಕಂಬಗಳಿವೆಯಲ್ಲ, ಸ್ಟ್ಯಾಂಡ್‌ಆಫ್ ಎನ್ನುತ್ತಾರೆ, ಅವುಗಳ ಉದ್ದ ಹಳೆಯ ಎತ್ತರಕ್ಕೆ ಅಳೆದು ಮಾಡಿದ್ದು. ಪಂಪಿನ ಚೌಕಟ್ಟು ಆ ಕಂಬಗಳ ನೆತ್ತಿಗೆ ಹೋಗಿ ಕೂತಿತು. ಸ್ಕ್ರೂ ಅಲ್ಲಿಗೇ ನಿಂತಿತು. ತಾಮ್ರದ ಫಲಕ ಮಾತ್ರ ಪ್ರೊಸೆಸರಿನ ಮೇಲೆ ಪೇಸ್ಟಿನ ಆಧಾರದಲ್ಲಿ ತೇಲುತ್ತಾ ಉಳಿಯಿತು.

ಮುಕ್ಕಾಲು ಮಿಲಿಮೀಟರ್ ಎಂದರೆ ಏನು ಮಹಾ ಎಂದು ಅನಿಸಬಹುದು. ನನಗೂ ಲೆಕ್ಕ ಹಾಕಿ ನೋಡುವವರೆಗೆ ಇದರ ಗಾತ್ರ ಅರಿವಾಗಿರಲಿಲ್ಲ. ಮೂರು ಸೆಂಟಿಮೀಟರ್ ಉದ್ದಗಲದ ಸಂಪರ್ಕ, 150 ವ್ಯಾಟ್ ಶಾಖ, ಸಾಧಾರಣ ಗುಣಮಟ್ಟದ ಪೇಸ್ಟ್ ಎಂದು ಇಟ್ಟುಕೊಂಡೆ. ಚೆನ್ನಾಗಿ ಒತ್ತಿ ಕೂದಲೆಳೆಗಿಂತ ತೆಳುವಾದ ಪೇಸ್ಟ್ ಪದರದ ಎರಡು ಬದಿಗಳ ನಡುವೆ ಬರುವ ವ್ಯತ್ಯಾಸ ಎರಡು ಡಿಗ್ರಿಯೂ ಇಲ್ಲ. ಅದೇ ಪೇಸ್ಟ್ ಮುಕ್ಕಾಲು ಮಿಲಿಮೀಟರ್ ದಪ್ಪ ನಿಂತರೆ ಇಪ್ಪತ್ತೈದು ಡಿಗ್ರಿ. ಪೇಸ್ಟ್ ತುಂಬದೆ ಎಲ್ಲಿಯಾದರೂ ಬರಿಯ ಗಾಳಿ ಉಳಿದರೆ ಲೆಕ್ಕವೇ ದಿಕ್ಕು ತಪ್ಪುತ್ತದೆ. ತಾಮ್ರ ಶಾಖವನ್ನು ಸಾಗಿಸುವ ಶಕ್ತಿ ನಿಶ್ಚಲ ಗಾಳಿಗಿಂತ ಹದಿನೈದು ಸಾವಿರ ಪಟ್ಟು ಹೆಚ್ಚು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಗಾಳಿಯ ಪದರ ಇಡೀ ಮೇಲ್ಮೈಯನ್ನು ಆವರಿಸಿದರೆ, ಆ 150 ವ್ಯಾಟನ್ನು ದಾಟಿಸಲು ಆರು ನೂರು ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ ಬೇಕಾಗುತ್ತದೆ. ಹಾಗಾಗಲು ಪ್ರೊಸೆಸರ್ ಬಿಡುವುದಿಲ್ಲ. ನೂರು ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವೇಗ ತಗ್ಗಿದಾಗ ಹುಟ್ಟುವ ಶಾಖವೂ ಕಡಿಮೆ, ಅದರಲ್ಲಿ ದಾಟಿ ಬರುವುದು ಇನ್ನೂ ಕಡಿಮೆ. ನಿಮ್ಮ ರೇಡಿಯೇಟರಿನ ಗಾಳಿ ತಣ್ಣಗಿರುವುದು ಇದೇ ಕಾರಣಕ್ಕೆ.

ನೀವು ಎರಡು ಸಲ ಪೇಸ್ಟ್ ಬದಲಿಸಿದ್ದು ವ್ಯರ್ಥವಾದದ್ದೂ ಇದರಿಂದಲೇ. ಪೇಸ್ಟ್ ಇರುವುದು ಎರಡು ಲೋಹಗಳ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಗೀರು ಗುಂಡಿಗಳನ್ನು ತುಂಬಲು. ಎರಡು ಲೋಹಗಳ ನಡುವಿನ ಕಂದಕವನ್ನು ಮುಚ್ಚಲು ಅಲ್ಲ. ಮೂರನೆಯ ಸಲ ಇನ್ನಷ್ಟು ದಪ್ಪಗೆ ಬಳಿಯೋಣ ಎಂಬ ಯೋಚನೆ ಬಂದಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಇಕ್ಕಳ ಹಿಡಿದು ಇನ್ನೂ ಬಲವಾಗಿ ತಿರುಗಿಸುವುದೂ ಬೇಡ. ನಿಂತ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಕಂಬದ ಎಳೆ ಸವೆಯುತ್ತದೆ, ಇಲ್ಲವೇ ಬೋರ್ಡ್ ಬಾಗುತ್ತದೆ. ಒಮ್ಮೆ ನನ್ನ ಕೈಗೆ ಬಂದ ಯಂತ್ರದಲ್ಲಿ ಯಾರೋ ಒಂದೇ ಮೂಲೆಯನ್ನು ಸ್ಕ್ರೂಡ್ರೈವರಿನಿಂದ ವಿಪರೀತ ಬಿಗಿದಿದ್ದರು. ಉಷ್ಣತೆಯ ದೂರು ಆಮೇಲಿನದು, ಮೊದಲು ಅದರ ಎರಡು ರ್‍ಯಾಮ್ ಕಡ್ಡಿಗಳಲ್ಲಿ ಒಂದು ಕಾಣಿಸುತ್ತಲೇ ಇರಲಿಲ್ಲ. ನಾಲ್ಕೂ ಸ್ಕ್ರೂ ಸಡಿಲಿಸಿ ಸಮನಾಗಿ ಮತ್ತೆ ಬಿಗಿದಾಗ ರ್‍ಯಾಮ್ ತಾನಾಗಿ ಹಿಂತಿರುಗಿತು. ಎಲ್‌ಜಿಎ ಸಾಕೆಟ್ಟಿನಲ್ಲಿ ಪ್ರೊಸೆಸರ್ ಕೂತಿರುವುದು ಸಾವಿರಾರು ಸಣ್ಣ ಸ್ಪ್ರಿಂಗ್ ಸಂಪರ್ಕಗಳ ಮೇಲೆ. ಒತ್ತಡ ಓರೆಯಾದರೆ ಅವುಗಳಲ್ಲಿ ಕೆಲವು ಪ್ರೊಸೆಸರಿನಿಂದ ದೂರ ಸರಿಯುತ್ತವೆ. ರ್‍ಯಾಮಿನ ಸಂಕೇತಗಳು ಹೋಗುವುದೂ ಅದೇ ಸಂಪರ್ಕಗಳ ಮೂಲಕ.

ಬೇಕಾದದ್ದು ನಿಮ್ಮ ಕೂಲರಿನ ಮಾದರಿಗೆಂದೇ ಮಾಡಿದ ಎಲ್‌ಜಿಎ 1700 ಅಳವಡಿಕೆ ಕಿಟ್. ಅದರಲ್ಲಿ ಕಂಬಗಳು ಗಿಡ್ಡವಾಗಿರುತ್ತವೆ, ಬೋರ್ಡಿನ ಹಿಂಬದಿಯಲ್ಲಿ ಕೂತು ಕಂಬಗಳನ್ನು ಹಿಡಿದಿಡುವ ಬ್ಯಾಕ್‌ಪ್ಲೇಟ್ 78 ಮಿಲಿಮೀಟರಿಗೆ ಹೊಂದುತ್ತದೆ. ಹೊಸ ಸಾಕೆಟ್ ಬಂದಾಗ ಹಲವು ತಯಾರಕರು ಹಳೆಯ ಕೂಲರುಗಳಿಗೂ ಈ ಕಿಟ್ ಸಿದ್ಧಪಡಿಸಿದರು. ಮಾದರಿಯ ಹೆಸರು ಮತ್ತು ಖರೀದಿಯ ರಸೀದಿಯೊಂದಿಗೆ ತಯಾರಕರ ಸಹಾಯ ವಿಭಾಗಕ್ಕೆ ಬರೆದು ಕೇಳಿ. ಅದಕ್ಕೂ ಮೊದಲು ಕೂಲರಿನ ಹಳೆಯ ಡಬ್ಬಿಯನ್ನು ಒಮ್ಮೆ ಜಾಲಾಡಿ. ಎಷ್ಟೋ ಸಲ ಸರಿಯಾದ ಕಂಬಗಳು ಬಿಚ್ಚದ ಚೀಲದಲ್ಲೇ ಇರುತ್ತವೆ. ನೋಡಲು ಎಲ್ಲವೂ ಒಂದೇ ತರಹ ಇರುವುದರಿಂದ ಕೈಗೆ ಮೊದಲು ಸಿಕ್ಕಿದ್ದನ್ನು ಹಾಕಿರುತ್ತೇವೆ. ಎರಡು ಬಗೆಯ ಕಂಬಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದರೆ ಮಾತ್ರ ಎತ್ತರದ ಅಂತರ ಗೊತ್ತಾಗುತ್ತದೆ.

ಕಿಟ್ ಬರುವವರೆಗೆ ನೈಲಾನ್ ವಾಷರ್ ಹಾಕಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಸ್ಕ್ರೂವಿನ ಎಳೆ ಮುಗಿದು ಅದರ ತಲೆಗೂ ಚೌಕಟ್ಟಿಗೂ ನಡುವೆ ಸಂದು ಉಳಿದಿದ್ದರೆ, ತಲೆಯ ಕೆಳಗೆ ಒಂದು ವಾಷರ್ ಆ ಸಂದನ್ನು ತುಂಬಿ ಚೌಕಟ್ಟನ್ನು ಕೆಳಕ್ಕೆ ಒತ್ತುತ್ತದೆ. ಆದರೆ ಚೌಕಟ್ಟೇ ಕಂಬದ ಭುಜದ ಮೇಲೆ ಕೂತಿದ್ದರೆ ಎಷ್ಟು ವಾಷರ್ ಹಾಕಿದರೂ ಅದು ಕೆಳಗಿಳಿಯದು. ನಿಮ್ಮ ವಿವರಣೆ ಓದಿದರೆ ನಿಮ್ಮದು ಎರಡನೆಯ ಬಗೆಯೆಂದು ತೋರುತ್ತದೆ. ಲೋಹದ ವಾಷರನ್ನಂತೂ ಬೋರ್ಡಿನ ಹತ್ತಿರ ಸುಳಿಯಗೊಡಬೇಡಿ.

ಕಿಟ್ ಕೈಗೆ ಬಂದ ದಿನ ಅವಸರ ಮಾಡಬೇಡಿ. ಯಂತ್ರವನ್ನು ಐದು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ, ಬಳಿಕ ಆರಿಸಿ ವಿದ್ಯುತ್ ತಂತಿಯನ್ನು ಕಳಚಿ. ಪೆಟ್ಟಿಗೆಯನ್ನು ಮಲಗಿಸಿ ನಾಲ್ಕೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪಂಪನ್ನು ಮೇಲಕ್ಕೆ ಕೀಳದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿಕೊಳ್ಳಿ.

ಬಿಡಿಸಿದೊಡನೆ ಒರೆಸಬೇಡಿ. ಒಂದು ನಿಮಿಷ ನಿಂತು ಆ ಪೇಸ್ಟನ್ನು ನೋಡಿ. ತಾಮ್ರದ ಮೇಲೂ ಪ್ರೊಸೆಸರಿನ ಮೇಲೂ ಅಚ್ಚು ಮೂಡಿರುತ್ತದೆ, ಅದು ಸುಳ್ಳು ಹೇಳುವುದಿಲ್ಲ. ಒತ್ತಡ ಸರಿಯಿದ್ದ ಕಡೆ ನಡುಭಾಗದ ಪೇಸ್ಟ್ ಎಷ್ಟು ತೆಳುವಾಗಿರುತ್ತದೆಂದರೆ ಕೆಳಗಿನ ಲೋಹದ ಹೊಳಪು, ಪ್ರೊಸೆಸರಿನ ಮೇಲೆ ಕೆತ್ತಿದ ಅಕ್ಷರ ಅದರ ಮೂಲಕ ಮಸುಕಾಗಿ ಕಾಣುತ್ತವೆ. ಹೆಚ್ಚಾದದ್ದೆಲ್ಲ ಅಂಚಿಗೆ ಹೋಗಿ ಗೆರೆಯಾಗಿ ನಿಂತಿರುತ್ತದೆ. ಸಡಿಲವಾಗಿದ್ದ ಕಡೆ ಪೇಸ್ಟ್ ನೀವು ಹಾಕಿದ ಆಕಾರದಲ್ಲೇ ಅಷ್ಟಿಷ್ಟು ಚಪ್ಪಟೆಯಾಗಿ ಉಳಿದಿರುತ್ತದೆ. ಎತ್ತುವಾಗ ಎಳೆದ ಜಾಗದಲ್ಲೆಲ್ಲ ಸಣ್ಣ ಸಣ್ಣ ಶಿಖರಗಳು ಎದ್ದಿರುತ್ತವೆ. ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ ಇದ್ದರೆ ಪಂಪ್ ಓರೆಯಾಗಿ ಕೂತಿತ್ತು ಎಂದರ್ಥ. ಆಗ ಎತ್ತರದ ಜೊತೆಗೆ ಇನ್ನೊಂದು ಕಾರಣವನ್ನೂ ಹುಡುಕಬೇಕು. ಪಂಪಿನ ಚೌಕಟ್ಟು ಅಕ್ಕಪಕ್ಕದ ಹೀಟ್‌ಸಿಂಕಿಗೋ ಕೆಪಾಸಿಟರಿಗೋ ತಗುಲುತ್ತಿದೆಯೇ, ಗಡುಸಾದ ಕೊಳವೆಗಳು ಒಂದು ಬದಿಗೆ ಎಳೆಯುತ್ತಿವೆಯೇ ಎಂದು ಟಾರ್ಚ್ ಹಾಕಿ ನೋಡಿ. ಆ ಅಚ್ಚಿನ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆ ಬೇಕು. ಹೊಸ ಪೇಸ್ಟನ್ನು ನಡುವೆ ಬಟಾಣಿ ಗಾತ್ರದಲ್ಲಿ ಹಾಕಿ. 1700ರ ಪ್ರೊಸೆಸರ್ 37.5ಕ್ಕೆ 45 ಮಿಲಿಮೀಟರ್ ಅಳತೆಯ ಆಯತವಾದ್ದರಿಂದ ಉದ್ದನೆಯ ದಿಕ್ಕಿನಲ್ಲಿ ಒಂದು ಸಣ್ಣ ಗೆರೆ ಎಳೆದರೆ ಇನ್ನೂ ಒಳ್ಳೆಯದು.

ಬ್ಯಾಕ್‌ಪ್ಲೇಟ್ ಕೂರಿಸುವಾಗ ಒಂದು ಗೊಂದಲ ಬರುತ್ತದೆ. ಬಹಳಷ್ಟು ಕೂಲರುಗಳಲ್ಲಿ ಕಂಬಗಳನ್ನು ಹಾಕಿದ ಮೇಲೂ ಹಿಂಬದಿಯ ಪ್ಲೇಟ್ ತುಸು ಆಡುತ್ತಲೇ ಇರುತ್ತದೆ. ಅದು ದೋಷವಲ್ಲ. ಪಂಪನ್ನು ಬಿಗಿದಾಗ ಆ ಆಟ ತಾನಾಗಿ ನಿಲ್ಲುವಂತೆ ಅದನ್ನು ರೂಪಿಸಿರುತ್ತಾರೆ. ಪಂಪ್ ಬಿಗಿದ ಮೇಲೂ ಆಡಿದರೆ ಮಾತ್ರ ಚಿಂತಿಸಬೇಕು. ಸಾಕೆಟ್ಟಿನ ಹಿಂಬದಿಯಲ್ಲಿ ಚಾಚಿಕೊಂಡಿರುವ ಸ್ಕ್ರೂಗಳ ತಲೆಗೆ ಪ್ಲೇಟ್ ತಗುಲದಂತೆ ಅದರಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಪ್ಲೇಟನ್ನು ಮಗುಚಿಯೋ ತಿರುಗಿಸಿಯೋ ಹಾಕಿದರೆ ಅದು ಆ ತಲೆಗಳ ಮೇಲೇ ನಿಂತುಬಿಡುತ್ತದೆ.

ಪಂಪನ್ನು ನೇರವಾಗಿ ಇಳಿಸಿ, ಒಂದು ಕೈಯಲ್ಲಿ ಒತ್ತಿ ಹಿಡಿದು, ನಾಲ್ಕೂ ಸ್ಕ್ರೂಗಳನ್ನು ಮೊದಲು ಬೆರಳಿನಿಂದಲೇ ಎಳೆ ಹಿಡಿಸಿ. ಆಮೇಲೆ ಒಂದು ಮೂಲೆಗೆ ಎರಡು ಸುತ್ತು, ಅದರ ಎದುರು ಮೂಲೆಗೆ ಎರಡು ಸುತ್ತು, ಹೀಗೆ ಅಡ್ಡಡ್ಡವಾಗಿ ಹೋಗಿ. ಕೊನೆಯ ಸುತ್ತುಗಳಲ್ಲಿ ಕೈಗೆ ಬೇರೆಯೇ ಅನುಭವ ಆಗಬೇಕು. ಮೊದಲು ಹಗುರವಾಗಿದ್ದ ಸ್ಕ್ರೂ ಕ್ರಮೇಣ ಭಾರವಾಗುತ್ತಾ ಹೋಗಿ ನಿಲ್ಲುತ್ತದೆ. ಆ ಭಾರವೇ ಪ್ರೊಸೆಸರಿನ ಮೇಲೆ ಬೀಳುತ್ತಿರುವ ಒತ್ತಡ. ನಿಮ್ಮ ಹಳೆಯ ಜೋಡಣೆಯಲ್ಲಿ ಹಗುರವಾಗಿ ತಿರುಗುತ್ತಿದ್ದ ಸ್ಕ್ರೂ ಒಮ್ಮೆಲೇ 'ಟಕ್' ಎಂದು ನಿಂತಿರಬೇಕು, ನೆನಪಿಸಿಕೊಳ್ಳಿ. ಎಲ್ಲವೂ ಆದ ಮೇಲೆ ಪಂಪನ್ನು ಹಿಡಿದು ಅಲುಗಾಡಿಸಿದರೆ ಇಡೀ ಬೋರ್ಡ್ ಅಲುಗಬೇಕು, ಪಂಪ್ ಒಂದೇ ಅಲುಗಬಾರದು.

ಯಂತ್ರ ಚಾಲೂ ಮಾಡಿ ಮೊದಲು, ವಿಂಡೋಸ್ ತೆರೆಯುವ ಮುನ್ನ ಬರುವ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲೇ ಉಷ್ಣತೆ ನೋಡಿ. ಬಳಿಕ ಸಿನೆಬೆಂಚ್‌ನಂತಹ ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆಯನ್ನು ಇಪ್ಪತ್ತು ನಿಮಿಷ ಓಡಿಸಿ. ಎಷ್ಟು ಬರಬೇಕು ಎಂಬುದಕ್ಕೆ ಒಂದೇ ಅಂಕಿ ಇಲ್ಲ, ಕೋಣೆಯ ಉಷ್ಣತೆ ಏರಿದಷ್ಟೇ ಇದೂ ಏರುತ್ತದೆ. ಸುಮಾರು 28 ಡಿಗ್ರಿಯ ಕೋಣೆಯಲ್ಲಿ 240ರ ಕೂಲರ್ ಇರುವ 12600ಕೆ ಸುಮ್ಮನಿದ್ದಾಗ ಮೂವತ್ತರ ಮೇಲ್ಭಾಗದಲ್ಲೋ ನಲವತ್ತರ ಆರಂಭದಲ್ಲೋ, ಪೂರ್ತಿ ದುಡಿಯುವಾಗ 70ರಿಂದ 80ರೊಳಗೋ ಇದ್ದರೆ ನನಗೆ ತೃಪ್ತಿ. ಕೋರ್‌ಗಳ ನಡುವಿನ ವ್ಯತ್ಯಾಸವನ್ನೂ ಗಮನಿಸಿ. ಐದಾರು ಡಿಗ್ರಿ ಸಹಜ. ಒಂದೇ ಬದಿಯ ಕೋರ್‌ಗಳು ಉಳಿದವುಗಳಿಗಿಂತ ಹದಿನೈದು ಇಪ್ಪತ್ತು ಡಿಗ್ರಿ ಹೆಚ್ಚಿದ್ದರೆ ಪಂಪ್ ಇನ್ನೂ ಓರೆಯಾಗಿದೆ.

ಈಗ ಪಂಪಿನ ವಿಷಯ. ಬೆರಳಿನ ಪರೀಕ್ಷೆಯಲ್ಲಿ ಅಂಕಿ ಕದಲದವರಿಗೂ, ಕಿಟ್ ಬದಲಿಸಿಯೂ ಬಿಸಿ ಇಳಿಯದವರಿಗೂ ಇದು ಬೇಕು. ದ್ರವ ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುತ್ತಿದೆ ಎಂದುಕೊಂಡರೆ, 150 ವ್ಯಾಟ್ ಹೊತ್ತ ದ್ರವ ಒಳಹೋಗುವಾಗ ಇದ್ದದ್ದಕ್ಕಿಂತ ಹೊರಬರುವಾಗ ಬರೇ ಎರಡು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಕೈಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಹತ್ತು ನಿಮಿಷ ದುಡಿಸಿದ ಮೇಲೆ ಎರಡೂ ಕೊಳವೆಗಳನ್ನು ಮುಟ್ಟಿ ನೋಡಿದರೆ ಒಂದೇ ಹದದ ಬಿಸಿ ಇರಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ದ್ರವ ಹರಿಯುತ್ತಿಲ್ಲ. ಆಗ ಪಂಪಿನ ತಂತಿ ಎಲ್ಲಿಗೆ ಹೋಗಿದೆ ನೋಡಿ. ಅದು ಬೋರ್ಡಿನಲ್ಲಿ ಪಂಪಿಗೆಂದೇ ಇರುವ ಕನೆಕ್ಟರಿಗೆ ಸೇರಿದ್ದು, ಬಯಾಸ್‌ನಲ್ಲಿ ಸದಾ ಪೂರ್ಣ ವೇಗಕ್ಕೆ ಇಟ್ಟಿರಬೇಕು. ಸಾಮಾನ್ಯ ಫ್ಯಾನ್ ಕನೆಕ್ಟರಿಗೆ ಹಾಕಿ, ಉಷ್ಣತೆಗೆ ತಕ್ಕಂತೆ ವೇಗ ತಗ್ಗಿಸುವಂತೆ ಬಿಟ್ಟರೆ ಪಂಪ್ ಅರೆನಿದ್ದೆಯಲ್ಲಿ ತಿರುಗುತ್ತದೆ. ಕೆಲವು ಪಂಪುಗಳಿಗೆ ಪವರ್ ಸಪ್ಲೈನಿಂದ ಬರುವ ಸಾಟಾ ತಂತಿಯಿಂದ ಬೇರೆಯಾಗಿ ವಿದ್ಯುತ್ ಕೊಡಬೇಕು. ಬಯಾಸ್ ತೋರಿಸುವ ಪಂಪಿನ ವೇಗ ಸೊನ್ನೆ ಇದ್ದು, ತಂತಿಯೂ ಸರಿಯಿದ್ದರೆ, ಆಗ ಹೊಸ ಕೂಲರಿನ ಮಾತು ಆಡೋಣ.

ಪಂಪಿನಲ್ಲಿ ಗುಳುಗುಳು ಸದ್ದು ಬರುತ್ತಿದ್ದರೆ ಅಲ್ಲಿಗೆ ಗಾಳಿ ಸೇರಿದೆ. ವರ್ಷ ಕಳೆದಂತೆ ಕೊಳವೆಯ ಗೋಡೆಯ ಮೂಲಕ ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುವುದರಿಂದ ಒಳಗೆ ಗಾಳಿಗುಳ್ಳೆ ದೊಡ್ಡದಾಗುತ್ತದೆ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಆ ಎತ್ತರದ ಜಾಗ ರೇಡಿಯೇಟರ್ ಆಗಿರಬೇಕೇ ಹೊರತು ಪಂಪ್ ಆಗಿರಬಾರದು. ರೇಡಿಯೇಟರನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿದ್ದರೆ ಮೇಲಕ್ಕೆ ಅಥವಾ ಮುಂಭಾಗಕ್ಕೆ ಬದಲಿಸಿ.

ಇಷ್ಟೆಲ್ಲ ಸರಿಯಿದ್ದೂ ಅಂಕಿ ತುಸು ಹೆಚ್ಚೇ ಇದ್ದರೆ ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು ನೋಡಿ. ಹಲವು ಬೋರ್ಡುಗಳು ಲಿಕ್ವಿಡ್ ಕೂಲರ್ ಇದೆ ಎಂದು ಆರಿಸಿಕೊಂಡರೆ ಮಿತಿಯನ್ನೇ ತೆಗೆದುಹಾಕುತ್ತವೆ. 150 ವ್ಯಾಟಿಗೆ ಕಟ್ಟಿಹಾಕಿದರೆ ವೇಗದಲ್ಲಿ ಆಗುವ ನಷ್ಟ ದಿನನಿತ್ಯದ ಕೆಲಸದಲ್ಲಿ ಗೊತ್ತಾಗುವುದೇ ಇಲ್ಲ. 1700ರ ಸಾಕೆಟ್ಟಿನ ಹಿಡಿಕೆ ಪ್ರೊಸೆಸರನ್ನು ನಡುವಿನಲ್ಲಿ ಒತ್ತಿ ಅದರ ಮುಚ್ಚಳವನ್ನು ಅತಿ ಸೂಕ್ಷ್ಮವಾಗಿ ಬಾಗಿಸುತ್ತದೆ ಎಂಬುದು ನಿಜ. ಅದಕ್ಕೆಂದು ಮಾರುವ ಚೌಕಟ್ಟುಗಳಿಂದ ಕೆಲವು ಡಿಗ್ರಿ ಇಳಿಯುವುದೂ ನಿಜ. ಆದರೆ ಸಾಕೆಟ್ಟಿನ ಮೂಲ ಸ್ಕ್ರೂಗಳನ್ನೇ ಬಿಚ್ಚಬೇಕಾದ ಆ ಕೆಲಸ ವಾರಂಟಿಗೆ ಕುತ್ತು ತರಬಹುದು. ನಿಮ್ಮಂಥ ನಲವತ್ತು ಡಿಗ್ರಿಯ ರೋಗಕ್ಕೆ ಅದು ಮದ್ದೂ ಅಲ್ಲ.

ಇದೇ ತೊಂದರೆ ಎಎಂಡಿ ಯಂತ್ರದಲ್ಲಿರುವವರಿಗೆ ಎರಡು ಮಾತು. ಎಎಂಡಿಯ ಹಳೆಯ ಸಾಕೆಟ್ ಎಎಂ4 ಇರುವ ಬೋರ್ಡಿನಲ್ಲಿ ಮೇಲಿನ ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಚ್ಚಿದರೆ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. 2022ರ ಎಎಂ5ರಲ್ಲಿ ಅದು ಸಾಕೆಟ್ಟಿಗೇ ಸೇರಿಕೊಂಡಿರುವುದರಿಂದ ತೆಗೆಯಲಾಗದು, ಸ್ವಂತ ಬ್ಯಾಕ್‌ಪ್ಲೇಟ್ ಬೇಡುವ ಹಳೆಯ ಕೂಲರುಗಳು ಅಲ್ಲಿ ಕೂರುವುದಿಲ್ಲ. ಎಎಂ4ರಲ್ಲಿ ಕೂಲರನ್ನು ತಿರುಚದೆ ಎತ್ತಿದರೆ ಪ್ರೊಸೆಸರೇ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತುಬರಬಹುದು, ಕೆಳಗಿನ ಪಿನ್ನುಗಳು ಬಾಗಬಹುದು. ಇನ್ನು ರೈಜನ್ 7000 ಸಾಲಿನ ಹಲವು ಪ್ರೊಸೆಸರುಗಳು ಪೂರ್ತಿ ದುಡಿಯುವಾಗ 95 ಡಿಗ್ರಿಗೆ ಹೋಗಿ ನಿಲ್ಲುವುದು ಎಎಂಡಿ ಬೇಕೆಂದೇ ಮಾಡಿದ ವಿನ್ಯಾಸ. ಅದನ್ನು ಕಂಡು ಕೂಲರ್ ಬಿಚ್ಚಲು ಹೋಗಬೇಡಿ. ಸುಮ್ಮನಿದ್ದಾಗಲೂ 60, 70 ತೋರಿಸುತ್ತಿದ್ದರೆ ಮಾತ್ರ ಬೆರಳಿನ ಪರೀಕ್ಷೆ ಮಾಡಿ.

ನಿಮ್ಮ ಯಂತ್ರ ಇಷ್ಟು ದಿನ ನೂರು ಡಿಗ್ರಿಯಲ್ಲಿ ದುಡಿದದ್ದರಿಂದ ಹಾಳಾಗಿದೆಯೇ ಎಂಬ ಅಂಜಿಕೆ ಬೇಡ. 12600ಕೆಗೆ ನೂರು ಡಿಗ್ರಿ ಎಂಬುದೇ ಮೇಲಿನ ಮಿತಿ. ಅಲ್ಲಿ ಅದು ವೇಗ ತಗ್ಗಿಸಿಕೊಂಡು ತನ್ನನ್ನು ತಾನು ಕಾಯ್ದುಕೊಂಡಿದೆ. ಕಿಟ್ ಬರುವವರೆಗೆ ವಿಡಿಯೊ ಕೆಲಸವನ್ನು ಮುಂದೂಡಿ, ಅಗತ್ಯವಿದ್ದರೆ ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು 65 ವ್ಯಾಟಿಗೆ ಇಳಿಸಿ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಿ. ಹೊಸ ಕಂಬಗಳನ್ನು ಹಾಕಿದ ಮೇಲೂ ಬಿಸಿ ಇಳಿಯದಿದ್ದರೆ ಮತ್ತೊಮ್ಮೆ ಬರೆಯಿರಿ. ಆಗ ಮೂರು ಸಂಗತಿ ತಿಳಿಸಿ: ಬಯಾಸ್ ತೋರಿಸುವ ಪಂಪಿನ ವೇಗ, ಕೆಲಸ ಶುರುವಾದ ಮೊದಲ ಅರವತ್ತು ಸೆಕೆಂಡಿನಲ್ಲಿ ಅಂಕಿ ಏರಿದ ರೀತಿ, ಮತ್ತು ಒರೆಸುವ ಮೊದಲು ತೆಗೆದಿಟ್ಟ ಆ ಪೇಸ್ಟಿನ ಅಚ್ಚಿನ ಚಿತ್ರ.